ಕಡಲ ಮೂಗು

ಕಡಲಿನಲ್ಲಿ ಇವತ್ತು ಎಷ್ಟು ಮೀನಿದೆ ಎಂಬುದನ್ನು ಬೆಳಗಿನ ಚಾ ಕುದಿಯುವ ಮೊದಲೇ ಮೊಬೈಲಿನಲ್ಲಿ ನೋಡಿಕೊಳ್ಳುವ ಕಾಲ ಬಂದು ಒಂಬತ್ತು ವರ್ಷವಾಗಿತ್ತು. ದಡದಿಂದ ಎಪ್ಪತ್ತು ಕಿಲೋಮೀಟರಿನವರೆಗೆ ಕಡಲನ್ನು ಚೌಕ ಚೌಕವಾಗಿ ಹಂಚಿ, ಪ್ರತಿ ಚೌಕದಲ್ಲೂ ಹಳದಿ ಬಣ್ಣದ ಒಂದು ತೇಲುಯಂತ್ರವನ್ನು ಲಂಗರು ಹಾಕಿ ನಿಲ್ಲಿಸಿದ್ದರು. ಅದು ಗಂಟೆಗೊಮ್ಮೆ ಒಂದು ಲೋಟದಷ್ಟು ನೀರು ಹೀರಿ, ಸೋಸಿ, ಮೀನಿನ ಮೈಯಿಂದ ಕಳಚಿದ ಲೋಳೆ, ಹುರುಪೆ, ಹೇಸಿಗೆಗಳಲ್ಲಿರುವ ವಂಶವಾಹಿಯ ಚೂರುಗಳನ್ನು ಓದುತ್ತಿತ್ತು. ಚೂರು ಹೆಚ್ಚಿದ್ದರೆ ಮೀನು ಹೆಚ್ಚು. ಹಸಿರು ತೋರಿಸಿದ ಚೌಕಕ್ಕೆ ಬೋಟು ಹೋಗಬಹುದು, ಹಳದಿಗೆ ವಾರದಲ್ಲಿ ಎರಡು ದಿನ, ಕೆಂಪಿಗೆ ಇಲ್ಲವೇ ಇಲ್ಲ. ಸರ್ಕಾರದ ಕಾಗದದಲ್ಲಿ ಅದರ ಹೆಸರು ಜಲಗಣತಿ ಘಟಕ. ಹಳೆಕೋಡಿ ಬಂದರಿನಲ್ಲಿ ಎಲ್ಲರೂ ಕರೆಯುವುದು ಮೂಗು ಎಂದು.

ಮಳೆಗಾಲದ ಎರಡು ತಿಂಗಳು ಬೋಟುಗಳೆಲ್ಲ ದಡದಲ್ಲಿರುವಾಗ ಮೂಗು ತೋರಿಸುವ ಅಂಕಿ ಇಳಿಯುತ್ತಿತ್ತು. “ಮೂಗಿಗೆ ಶೀತ ಆಯ್ತ್” ಎಂದು ಜನ ನಗುತ್ತಿದ್ದರು. ಹೊಳೆಗಳ ಸಿಹಿನೀರು ಬೆರೆತು ಚೂರುಗಳು ತೆಳುವಾಗುತ್ತವೆ ಎಂದು ಲೆಕ್ಕಹಾಕಿ, ಸುಜಯಾ ಕಾಂಚನ್ ಅದಕ್ಕೊಂದು ಮಳೆ ತಿದ್ದುಪಡಿ ಬರೆದುಕೊಟ್ಟಿದ್ದಳು. ಒಂದು ಲೋಟ ನೀರಿನಿಂದ ಇಡೀ ಚೌಕದ ಮೀನನ್ನು ಟನ್ನುಗಳಲ್ಲಿ ಹೇಳುವ ಗುಣಕವೂ ಅವಳದೇ. ಮೀನುಗಾರಿಕೆ ಕಾಲೇಜಿನ ಮೆಟ್ಟಿಲು ಹತ್ತಿದ ಹಳೆಕೋಡಿಯ ಮೊದಲ ಹುಡುಗಿ ಅವಳು. ಬಂಗುಡೆಯನ್ನು ತೊಟ್ಟಿಯಲ್ಲಿ ಸಾಕಿ, ಒಂದು ಕಿಲೋ ಮೀನು ಒಂದು ಗಂಟೆಯಲ್ಲಿ ಎಷ್ಟು ಚೂರು ಬಿಡುತ್ತದೆ ಎಂದು ಮೂರು ವರ್ಷ ಅಳೆದು ಪದವಿ ಪಡೆದಿದ್ದಳು. ಆ ಪ್ರಬಂಧದ ನಲವತ್ತೊಂದನೆಯ ಪುಟದ ಒಂದು ಸಂಖ್ಯೆ ಈಗ ಎಂಟುನೂರು ಬೋಟುಗಳಿಗೆ ಹೋಗು, ನಿಲ್ಲು ಎಂದು ಹೇಳುತ್ತಿತ್ತು. ಅದನ್ನು ನೆನೆದಾಗಲೆಲ್ಲ ಅವಳು ಹೆಮ್ಮೆಪಡುವ ಮೊದಲು ಆ ಪುಟದ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡುತ್ತಿದ್ದಳು. ಬೀಗ ಹಾಕಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮರಳಿ ಬಂದು ನೋಡುವ ಸ್ವಭಾವ ಅವಳದು.

ನವೆಂಬರಿನ ಒಂದು ಬೆಳಿಗ್ಗೆ ಅವಳ ತಾಯಿ ಮೂಕಾಂಬು ಅಡುಗೆಮನೆಯ ಹಿಂದೆ ಮೆಟ್ಟುಕತ್ತಿಯ ಮುಂದೆ ಕುಳಿತು ಮೀನು ಹೆಚ್ಚುತ್ತಿದ್ದಳು. ನಲವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದ ಕೈ ಅದು. ಕಣ್ಣು ಬೇರೆಡೆ ಇದ್ದರೂ ಕತ್ತಿಯ ಮೇಲೆ ತಪ್ಪುತ್ತಿರಲಿಲ್ಲ. ಆದರೆ ಅಂದು ಕೈ ನಿಂತಿತು.

“ಹೆಣೆ, ಇಲ್ಲ್ ಬಾ. ಇದನ್ನೊಂದ್ ಕಾಣ್.”

ಅಂಗೈಯಲ್ಲಿ ಬೆರಳುದ್ದದ ಬಂಗುಡೆ. ಸೀಳಿದ ಹೊಟ್ಟೆಯೊಳಗೆ ಎರಡು ಹಳದಿ ಎಳೆಗಳು, ಹದವಾಗಿ ಬಲಿತ ಮೊಟ್ಟೆ.

“ಇದ್ಕೆ ಬಸುರಿ ಆಪು ಪ್ರಾಯವಾ ಹೇಳ್? ಹಾಲ್‌ಹಲ್ಲ್ ಬಿದ್ದಿಲ್ಲೆ ಇದ್ಕೆ. ಒಂದಲ್ಲ, ಎಲ್ಲದ್ರಲ್ಲೂ ಇತ್ತ್.”

ಸುಜಯಾ ಬಾಗಿ ನೋಡಿದಳು. ಬುಟ್ಟಿಯಲ್ಲಿ ಮೂವತ್ತರಷ್ಟು ಮೀನು, ಎಲ್ಲವೂ ಒಂದೇ ಅಳತೆಯವು. ದೊಡ್ಡವು ಉಳಿಯದ ನೀರಿನಲ್ಲಿ ಸಣ್ಣವು ಅವಸರವಾಗಿ ಮೊಟ್ಟೆಗೆ ಬರುತ್ತವೆ ಎಂದು ಎರಡನೆಯ ವರ್ಷದ ಪಾಠದಲ್ಲಿ ಓದಿದ್ದಳು. ಓದಿದ್ದಳು ಅಷ್ಟೇ, ಕಣ್ಣಲ್ಲಿ ಕಂಡಿರಲಿಲ್ಲ. ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಎದ್ದಿತು. ಹದಿನಾಲ್ಕು ಸೆಂಟಿಮೀಟರಿಗಿಂತ ಸಣ್ಣ ಬಂಗುಡೆಯನ್ನು ಬಂದರಿಗೆ ತರುವಂತಿಲ್ಲ. ಇಳಿಸುವ ಕಡೆ ಕ್ಯಾಮೆರಾ ಇದೆ, ಸಿಕ್ಕಿಬಿದ್ದ ಬೋಟಿಗೆ ಹತ್ತು ದಿನ ಕಡಲು ಬಂದ್.

“ಅಬ್ಬಿ, ಇದೆಲ್ಲಿಂದ ಬಂತು?”

ಮೂಕಾಂಬು ಇನ್ನೊಂದು ಮೀನನ್ನು ಕತ್ತಿಗೆ ಹಿಡಿದಳು. ಜಗಲಿಯಲ್ಲಿ ಚಾ ಕುಡಿಯುತ್ತಿದ್ದ ಅಣ್ಣ ದಿನಕರನೇ ಕೂಗಿ ಹೇಳಿದ, “ಆಫೀಸರ್ರು ರೇಡ್ ಮಾಡುಕ್ ಬಂದ್ರಾ? ಗಸಿ ಮಾಡಿ ಉಂಡ್ಮೇಲೆ ರೇಡ್ ಮಾಡಿ, ಸಾಕ್ಷಿ ಹೊಟ್ಟೆಯೊಳಗೆ ಇರತ್ತ್.”

ದಿನಕರ ಟ್ರಾಲ್ ಬೋಟಿನ ತಂಡೇಲ. ಬೋಟು ನಡೆಸುವವನೂ ಅವನೇ, ಬಲೆ ಎಲ್ಲಿ ಬಿಡಬೇಕೆಂದು ಹೇಳುವವನೂ ಅವನೇ. ಸುಜಯಾ ಅವನ ಎದುರು ಬಂದು ನಿಂತಳು.

“ಅಣ್ಣಾ, ತಮಾಷೆ ಬೇಡ. ಇಂಥ ಸಣ್ಣದು ಎಷ್ಟು ಬೀಳ್ತದೆ ಬಲೆಗೆ?”

“ಎಷ್ಟಾ? ಒಂದ್ ಬುಟ್ಟಿ ದೊಡ್ಡದ್ ಸಿಕ್ರೆ ಮೂರ್ ಬುಟ್ಟಿ ಈ ಸಣ್ಣದ್. ಮನಿಗೆ ಅಂತ ಒಂದ್ ಚೀಲ ಅಂಗಿಯೊಳಗೆ ಹುಗ್ಸ್ಕಂಡ್ ಬಪ್ಪುದ್. ಉಳ್ದದ್ದ್ ಸಲಿಕೆಯಲ್ಲಿ ಎತ್ತಿ ಕಡ್ಲಿಗೆ.”

“ಜೀವ ಇರ್ತದಾ?”

ಅವನು ಅವಳ ಮುಖವನ್ನೇ ನೋಡಿದ. “ಮೂರ್ ಗಂಟೆ ಬಲೆಯೊಳಗೆ ಒತ್ತಿ ಬಂದದ್ದಕ್ಕೆ ಜೀವವಾ? ನೀನ್ ಓದಿದ್ದ್ ಮೀನಿನ ವಿಷ್ಯ ಅಲ್ದಾ ಮಾರಾಯ್ತಿ?”

ಮುಂಚೆ ಈ ಸಣ್ಣ ಮೀನೆಲ್ಲ ದಡಕ್ಕೆ ಬಂದು, ಮೀನನ್ನು ಒಣಗಿಸಿ ಹುಡಿ ಮಾಡುವ ಮಿಲ್ಲಿಗೆ ಹೋಗುತ್ತಿತ್ತು. ಅದನ್ನು ತಡೆಯಲೆಂದೇ ನಿಯಮ ಬಂದದ್ದು. ನಿಯಮ ಬಂದ ಮೇಲೆ ದಡದಲ್ಲಿ ಸಣ್ಣ ಮೀನು ಕಾಣದಾಯಿತು. ನಿಯಮ ಗೆದ್ದಿತು ಎಂದು ವರದಿ ಬರೆದವರಲ್ಲಿ ಸುಜಯಾಳೂ ಒಬ್ಬಳು.

ಅವಳು ಹತ್ತು ಮೀನಿನ ತಲೆಗಳನ್ನು ಬಾಳೆಲೆಯಲ್ಲಿ ಕಟ್ಟಿಕೊಂಡು ಕಚೇರಿಗೆ ಹೊರಟಳು.

ಜಲಗಣತಿ ಕೇಂದ್ರ ಬಂದರಿನ ಮೇಲಿನ ಗುಡ್ಡದಲ್ಲಿತ್ತು. ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಕಡಲಿನ ನಕ್ಷೆ. ಅಂದು ಅದು ಗದ್ದೆ ಬಯಲಿನಂತೆ ಹಸಿರಾಗಿತ್ತು. ಅವಳು ಮೂಲೆಯ ಕಪಾಟಿನಿಂದ ಹಳೆಯ ಸೂಕ್ಷ್ಮದರ್ಶಕವನ್ನು ತೆಗೆದು ಧೂಳು ಒರೆಸಿದಳು. ಮೂಗು ಬಂದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಮೀನಿನ ತಲೆಯೊಳಗೆ, ಕಿವಿಯ ಜಾಗದಲ್ಲಿ, ಅಕ್ಕಿ ನುಚ್ಚಿಗಿಂತ ಸಣ್ಣ ಕಲ್ಲೊಂದು ಇರುತ್ತದೆ. ಮರದ ಕೊರಡಿನಲ್ಲಿರುವಂತೆ ಅದರಲ್ಲೂ ಉಂಗುರಗಳು. ಎಣಿಸಿದರೆ ವಯಸ್ಸು ತಿಳಿಯುತ್ತದೆ. ಹತ್ತೂ ಕಲ್ಲುಗಳು ವರ್ಷ ತುಂಬದ ಮೀನಿನವು. ಮಧ್ಯಾಹ್ನ ಬಂದರಿಗೆ ಇಳಿದು, ಹರಾಜಿನಲ್ಲಿದ್ದ ಅತಿ ದೊಡ್ಡ ಬಂಗುಡೆಗಳ ತಲೆಗಳನ್ನೇ ಕೇಳಿ ತಂದಳು. ಅರುವತ್ತು ತಲೆಗಳಲ್ಲಿ ಎರಡು ವರ್ಷ ದಾಟಿದ್ದು ಒಂದೂ ಇರಲಿಲ್ಲ.

ಹಾಗಾದರೆ ಗೋಡೆಯ ಮೇಲಿನ ಈ ಹಸಿರು ಯಾವುದರದ್ದು?

ಪ್ರತಿ ಬೋಟಿನಲ್ಲೂ ದಾರಿ ಗುರುತಿಸುವ ಪೆಟ್ಟಿಗೆ ಇರುತ್ತದೆ. ಅವಳು ಬೋಟುಗಳ ದಾರಿಯನ್ನು ಮೂಗುಗಳ ಅಂಕಿಯ ಮೇಲೆ ಇಟ್ಟು ನೋಡಿದಳು. ಬೋಟುಗಳು ಚೌಕಕ್ಕೆ ಬಂದಾಗ ಅಂಕಿ ಸುಮ್ಮನಿರುತ್ತಿತ್ತು. ಹೋಗಿ ಏಳೆಂಟು ಗಂಟೆಯಾದ ಮೇಲೆ ಮೇಲೇರುತ್ತಿತ್ತು. ಹೆಚ್ಚು ಬೋಟು ಹೋದಲ್ಲಿ ಹೆಚ್ಚು ಹಸಿರು.

ಆಗ ಅವಳಿಗೆ ಕಾಲೇಜಿನ ಮೀನುತೊಟ್ಟಿಗಳ ಕೋಣೆ ನೆನಪಾಯಿತು. ಬಾಗಿಲು ತೆಗೆದ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಸತ್ತು ತೇಲುವ ಮೀನನ್ನು ಕೈಬಲೆಯಲ್ಲಿ ಎತ್ತಿ ಹೊರಗೆ ಹಾಕಿ, ನೀರು ಬದಲಿಸಿ, ಆಮೇಲೆ ಅಳೆಯುವುದು. ಅವಳಷ್ಟು ಶಿಸ್ತಿನಿಂದ ಅದನ್ನು ಮಾಡಿದವರಿಲ್ಲ ಎಂದು ಗುರುಗಳು ಹೊಗಳಿದ್ದರು. ಮೂರು ವರ್ಷಗಳಲ್ಲಿ ಒಂದು ದಿನವೂ ಅವಳು ಸತ್ತ ಮೀನಿದ್ದ ನೀರನ್ನು ಅಳೆದಿರಲಿಲ್ಲ.

ಅಳೆದಳು. ಒಂದೇ ಅಳತೆಯ ಎರಡು ತೊಟ್ಟಿ. ಒಂದರಲ್ಲಿ ಜೀವಂತ ಹತ್ತು ಬಂಗುಡೆ, ಇನ್ನೊಂದರಲ್ಲಿ ಸತ್ತದ್ದು ಒಂದು. ಮರುದಿನ ಬೆಳಿಗ್ಗೆ ಯಂತ್ರ ಎರಡನೆಯ ತೊಟ್ಟಿಯಲ್ಲಿ ಅರುವತ್ತು ಮೀನುಗಳಿವೆ ಎಂದಿತು. ಕೊಳೆಯುವ ಮೈ ಬಿಡುವ ಚೂರಿಗೆ ಮಿತಿಯೇ ಇರಲಿಲ್ಲ. ಮೂರು ದಿನ ಕಳೆದ ಮೇಲೆ ಆ ತೊಟ್ಟಿಯ ಅಂಕಿ ಸೊನ್ನೆಗೆ ಇಳಿಯಿತು.

ಅವಳು ಸ್ಟೂಲಿನ ಮೇಲೆ ಕುಳಿತಳು. ಮಳೆಗಾಲದಲ್ಲಿ ಮೂಗಿಗೆ ಶೀತವಾಗಿರಲಿಲ್ಲ. ಆ ಎರಡು ತಿಂಗಳು ಮಾತ್ರ ಅದು ನಿಜ ಹೇಳುತ್ತಿತ್ತು. ಒಂಬತ್ತು ವರ್ಷ ಆ ನಿಜವನ್ನು ತಿದ್ದಿದ್ದು ಅವಳ ಕೈ.

ಕೇಂದ್ರದ ನಿರ್ದೇಶಕರು ಶಾಂತವೀರ ಹೊಸಮನಿ. ಬಯಲುಸೀಮೆಯಿಂದ ಬಂದವರು, ಸಜ್ಜನರು. ಮೀನು ತಿನ್ನದಿದ್ದರೂ ಮೀನುಗಾರರ ಮಕ್ಕಳ ಹೆಸರು ನೆನಪಿಟ್ಟುಕೊಳ್ಳುವವರು. ಅವಳು ಹೇಳಿದ್ದನ್ನೆಲ್ಲ ಕೇಳಿ ಅವರು ಕನ್ನಡಕ ಒರೆಸಿ ಹಾಕಿಕೊಂಡರು.

“ಒಂದು ತೊಟ್ಟಿ, ಒಂದು ಮೀನು. ಅದರ ಮೇಲೆ ಕಡಲು ನಿಲ್ಲಿಸೋಣ ಅಂತೀಯಾ ತಾಯಿ?”

“ಗುಣಕ ಬರೆದವರು ಸಂಶಯ ಎತ್ತಿದರೆ ಅರುವತ್ತು ದಿನ ನಿಲ್ಲಿಸಿ ವಿಚಾರಣೆ ಮಾಡಬೇಕು ಅಂತ ನಿಯಮ ಇದೆಯಲ್ಲ ಸರ್. ನಾನು ಬರೆದುಕೊಡ್ತೇನೆ. ಬೋಟು ನಿಂತ ಒಂದು ವಾರದಲ್ಲಿ ಅಂಕಿ ಬೀಳ್ತದೆ. ಬೀಳುವುದೇ ಸಾಕ್ಷಿ.”

“ಬಿದ್ದರೆ?”

“ಎರಡು ವರ್ಷ ಮುಚ್ಚಬೇಕು. ಇಲ್ಲದಿದ್ದರೆ ಮೂರನೇ ವರ್ಷ ಮುಚ್ಚೋದಕ್ಕೂ ಏನೂ ಇರೋದಿಲ್ಲ.”

ಆ ಪತ್ರವನ್ನು ಅವಳು ಆರು ಸಲ ತಿದ್ದಿದಳು. ಬೀಳುವ ಅಂಕಿ ಸಾಕ್ಷಿಯೆಂಬುದನ್ನು ಮೂರನೆಯ ಪುಟದಲ್ಲಿ ಬರೆದಳು. ಮೊದಲ ಪುಟದಲ್ಲಿ ತನ್ನ ತಪ್ಪನ್ನು ಒಪ್ಪಿಕೊಂಡು, ಎರಡು ವರ್ಷ ಕಡಲು ಮುಚ್ಚಬೇಕಾದೀತು ಎಂದಿದ್ದಳು. ಜನ ಓದಿದ್ದು ಮೊದಲ ಪುಟ.

ಕಡಲು ಮುಚ್ಚಿದ ದಿನ ದಿನಕರ ಊಟಕ್ಕೆ ಕುಳಿತವನು ಅನ್ನಕ್ಕೆ ಕೈ ಹಾಕಲಿಲ್ಲ.

“ನಮ್ಮ ಬೋಟಲ್ಲಿ ಒಂಬತ್ತ್ ಜನ. ಎರಡ್ ವರ್ಷ ಅವ್ರ್ ಎಂತ ತಿಂಬುದ್? ನಿನ್ನ ಪ್ರಬಂಧವಾ?”

“ಅಣ್ಣಾ, ಇವತ್ತು ನಿಲ್ಲಿಸದಿದ್ದರೆ...”

“ಒಂಬತ್ತ್ ವರ್ಷ ನೀನ್ ಹೇಳಿದಲ್ಲಿಗೆ ಹೋದೆವು. ಹಸಿರ್ ಅಂದ್ರೆ ಹಸಿರ್. ಅಪ್ಪಯ್ಯ ದಡದಲ್ಲಿ ನಿಂತು ನೀರಿನ ಬಣ್ಣ ಕಂಡು ಮೀನ್ ಹೇಳ್ತಿದ್ರ್. ಅದೆಲ್ಲ ಮೂಢನಂಬಿಕೆ ಅಂತ ನಗಾಡಿದ್ದ್ ಯಾರ್? ಈಗ ಬಂದು ತಪ್ಪಾಯ್ತ್ ಅಂದ್ರೆ?”

“ಅಂವ ಉಣ್ಲಿ, ಸುಮ್ನಿರ್” ಎಂದಳು ಮೂಕಾಂಬು. ಅವನು ಉಣ್ಣಲಿಲ್ಲ. ಅಂದಿನಿಂದ ತಂಗಿಯೊಡನೆ ಮಾತನ್ನೂ ಆಡಲಿಲ್ಲ.

ಅವಳು ಹೇಳಿದಂತೆಯೇ ಆಯಿತು. ನಾಲ್ಕನೆಯ ದಿನ ಗೋಡೆಯ ನಕ್ಷೆಯಲ್ಲಿ ದಡದ ಬದಿಯ ಚೌಕಗಳು ಹಳದಿಯಾದವು. ಎಂಟನೆಯ ದಿನ ಕೆಂಪು. ಹನ್ನೆರಡನೆಯ ದಿನ ಇಡೀ ಗೋಡೆ ಕೆಂಪಾಗಿ, ನಿಯಂತ್ರಣ ಕೊಠಡಿಯಲ್ಲಿದ್ದವರ ಮುಖಕ್ಕೂ ಆ ಬಣ್ಣ ಹತ್ತಿತು. ಸುಜಯಾ ಅದನ್ನು ನೋಡುತ್ತ ನಿಂತಾಗ ಒಂದು ಗಳಿಗೆ ಗೆದ್ದೆನೆಂಬ ಭಾವ ಬಂತು. ಆಮೇಲೆ ನಾಚಿಕೆಯಾಯಿತು. ಗೆದ್ದದ್ದು ಎಂದರೆ ಕಡಲು ಬರಿದಾಗಿದೆ ಎಂದು ಅರ್ಥ.

ಆದರೆ ಅದೇ ಕೆಂಪು ಬಂದರಿನ ಎಲ್ಲರ ಮೊಬೈಲಿನಲ್ಲೂ ಇತ್ತು. ಮಳೆ ಇಲ್ಲ, ಹೊಳೆಯಲ್ಲಿ ನೀರಿಲ್ಲ, ಶೀತದ ಮಾತು ಹೇಳುವಂತಿಲ್ಲ. ಜನ ತಾವೇ ಒಂದು ಅರ್ಥ ಮಾಡಿಕೊಂಡರು.

ಇಪ್ಪತ್ತನೆಯ ದಿನ ಬಂದರಿನ ಹರಾಜುಕಟ್ಟೆಯಲ್ಲಿ ಸಭೆ ಸೇರಿತು. ಮೀನು ಮಾರುವ ಹೆಂಗಸರು ಖಾಲಿ ಬುಟ್ಟಿಗಳನ್ನು ಕವುಚಿ ಅವುಗಳ ಮೇಲೆ ಕುಳಿತಿದ್ದರು. ಸುಜಯಾ ಮೈಕಿನ ಮುಂದೆ ನಿಂತು, ಚೂರು, ಸತ್ತ ಮೀನು, ತೊಟ್ಟಿ ಎಲ್ಲವನ್ನೂ ನಿಧಾನವಾಗಿ ಹೇಳಿದಳು. ಯಾವ ಪದವನ್ನೂ ಹೆಚ್ಚು ಆಡಲಿಲ್ಲ. ಬೋಟು ಸಂಘದ ಹಿರಿಯರೊಬ್ಬರು ಎದ್ದರು.

“ಅಮ್ಮಾ, ನೀವ್ ಓದಿದವ್ರ್. ನಾವ್ ಕಂಡದ್ದ್ ಹೇಳ್ತೊ. ನಾವ್ ಬಲೆ ಬಿಡೂವಾಗ ಮೀನ್ ಇತ್ತ್. ನೀವ್ ನಿಲ್ಸಿದ್ರಿ, ಮೀನ್ ಹೋಯ್ತ್. ಇದ್ರಲ್ಲಿ ಅರ್ಥ ಆಗ್ದೇ ಇಪ್ಪುದ್ ಎಂತ?”

“ನಿಮ್ಮ ಮೂಗೇ ಹೇಳ್ತಿತ್ತಲ್ಲೇ!” ಎಂದು ಒಬ್ಬಳು ಕೂಗಿದಳು. “ನಾವ್ ಸುಳ್ಳಾ, ಮೂಗ್ ಸುಳ್ಳಾ?”

“ಮೂಗು ಈಗ ಹೇಳ್ತಾ ಇರೋದು ನಿಜ” ಎಂದಳು ಸುಜಯಾ. “ಮೊದಲು ಹೇಳಿದ್ದು ಸುಳ್ಳು.”

“ಬೇಕಾದಾಗ ನಿಜ, ಬ್ಯಾಡದಾಗ ಸುಳ್ಳ್! ಒಳ್ಳೇ ಮೂಗ್ ಸಾಕಿದೆ ನೀನ್!” ಸಭೆ ಘೊಳ್ಳೆಂದು ನಕ್ಕಿತು. ಆ ನಗೆಯಲ್ಲಿ ಹಸಿವಿತ್ತು. ಕಂಬಕ್ಕೆ ಒರಗಿ ನಿಂತಿದ್ದ ದಿನಕರ ನಗಲಿಲ್ಲ. ಅವಳನ್ನೇ ನೋಡುತ್ತಿದ್ದ.

ಮರುವಾರ ಹೊಸಮನಿಯವರು ಅವಳನ್ನು ಕರೆಸಿದರು. ಮೇಜಿನ ಮೇಲೆ ಅವಳದೇ ನಕ್ಷೆ, ಬೋಟುಗಳ ದಾರಿಯನ್ನು ಅಂಕಿಯ ಮೇಲೆ ಇಟ್ಟದ್ದು.

“ನೀನೇ ಕಂಡುಹಿಡಿದದ್ದು ಸುಜಯಾ, ನಿನಗೇ ಗೊತ್ತಾಗಲಿಲ್ಲ” ಎಂದರು. ಅವರ ದನಿಯಲ್ಲಿ ನಿಜವಾದ ಸಂತೋಷವಿತ್ತು. “ಬೋಟು ಹೋದಲ್ಲಿ ಮೀನು ಹೆಚ್ಚುತ್ತದೆ. ನಮ್ಮಪ್ಪ ಹೊಲ ಊಳ್ತಿದ್ದರು. ಊಳದೆ ಬಿಟ್ಟ ನೆಲ ಬೀಳು ಬೀಳ್ತದೆ. ಟ್ರಾಲ್ ಬಲೆ ತಳದ ಕೆಸರು ಕದಡಿದಾಗ ಆಹಾರ ಮೇಲೆ ಬರ್ತದೆ, ಮೀನು ಬರ್ತದೆ. ಇದನ್ನ ಕಡಲು ಉಳುಮೆ ಅಂತ ಕರೆದು ವರದಿ ಕಳಿಸಿದೆ. ಮೇಲಿನವರು ಒಪ್ಪಿದರು.”

“ಸರ್, ಅದು ಕೊಳೆತ ಮೀನಿನ ವಾಸನೆ.”

“ಇರಬಹುದು. ಆದರೆ ನಿನ್ನ ಮಾತು ನಿಜವಾದರೆ ಎಂಟುನೂರು ಬೋಟು ನಿಲ್ಲಬೇಕು. ನನ್ನ ಮಾತು ನಿಜವಾದರೆ ಎಂಟುನೂರು ಬೋಟು ಹೊರಡಬಹುದು. ಯಾವುದನ್ನ ನಂಬ್ತಾರೆ ಹೇಳು? ನಾನೇ ಯಾವುದನ್ನ ನಂಬಲಿ?” ಕಾಗದವನ್ನು ಅವಳ ಕಡೆ ಸರಿಸಿದರು. “ಸಂಶಯ ಹಿಂತೆಗೆದುಕೊಂಡೆ ಅಂತ ಒಂದು ಸಹಿ. ಉಪನಿರ್ದೇಶಕಿ ಹುದ್ದೆ ನಿನಗೇ ಬರ್ತದೆ.”

ಅವಳು ಕಾಗದವನ್ನು ಎರಡು ಸಲ ಓದಿದಳು. ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು.

“ಆಗುವುದಿಲ್ಲ ಸರ್.”

ಸಹಿ ಇಲ್ಲದೆಯೂ ಕಡಲು ತೆರೆಯಿತು, ಕೆಂಪು ಚೌಕಗಳೂ ಸೇರಿ. ಗುಣಕದ ಹೊಣೆ ಬೇರೊಬ್ಬರ ಹೆಸರಿಗೆ ಹೋಯಿತು. ಸುಜಯಾಳನ್ನು ಅಲಂಕಾರಿಕ ಮೀನುಗಳ ವಿಭಾಗಕ್ಕೆ ಹಾಕಿದರು. ಗಾಜಿನ ತೊಟ್ಟಿಗಳಲ್ಲಿ ಸತ್ತು ತೇಲುವ ಬಣ್ಣದ ಮೀನುಗಳನ್ನು ಬೆಳಿಗ್ಗೆ ಬೆಳಿಗ್ಗೆ ಎತ್ತಿ ಹೊರಗೆ ಹಾಕುವುದು ಅಲ್ಲಿಯ ಮೊದಲ ಕೆಲಸವಾಗಿತ್ತು.

ಬೋಟುಗಳು ಹೊರಡುವ ಹಿಂದಿನ ಸಂಜೆ ದಿನಕರ ಜಗಲಿಯಲ್ಲಿ ಬಲೆ ಹರಡಿಕೊಂಡು ಕುಳಿತಿದ್ದ. ಬಲೆಯ ಬಾಲದ ಚೀಲವನ್ನು, ಮೀನೆಲ್ಲ ಬಂದು ತುಂಬುವ ಆ ಕೊನೆಯ ಭಾಗವನ್ನು, ಕತ್ತರಿಸಿ ತೆಗೆದಿದ್ದ. ಐವತ್ತು ದಿನಗಳಲ್ಲಿ ಮೊದಲ ಬಾರಿ ಅವಳ ಕಡೆ ತಿರುಗದೆ ಮಾತನಾಡಿದ.

“ನಿನ್ನ ಪುಸ್ತಕದಲ್ಲಿ ಬಲೆ ಕಣ್ಣ್ ಎಷ್ಟ್ ದೊಡ್ಡದಿರ್ಕ್ ಅಂತ ಇತ್ತ್? ಸಣ್ಣದ್ ತಪ್ಪಿಸ್ಕಂಡು ಹೋಪುಕೆ?”

ಅವಳು ಬಲೆಯ ಅಂಚನ್ನು ಎತ್ತಿ ಹಿಡಿದಳು. “ನಲವತ್ತು ಮಿಲಿಮೀಟರ್. ಚೌಕವಾಗಿ ಕಟ್ಟಬೇಕು. ಈಗಿರುವ ಹಾಗೆ ಓರೆಯಾಗಿ ಕಟ್ಟಿದರೆ ಎಳೆಯುವಾಗ ಕಣ್ಣು ಮುಚ್ಚಿಕೊಳ್ತದೆ.”

“ತೋರ್ಸ್.”

ಅವಳು ಪಕ್ಕದಲ್ಲಿ ಕುಳಿತು ನೂಲು ಹಿಡಿದಳು. ಕಾಲೇಜಿನಲ್ಲಿ ಕಲಿತ ಗಂಟು; ಅಪ್ಪಯ್ಯ ಹಾಕುತ್ತಿದ್ದ ಗಂಟೂ ಅದೇ.

“ಸಣ್ಣದೆಲ್ಲ ಜಾರಿ ಹೋದ್ರೆ ಉಳಿಯೂದ್ ಎಷ್ಟ್?”

“ಕಡಿಮೆ. ಬಹಳ ಕಡಿಮೆ.”

“ಹುಡುಗ್ರ್ ಬೈತ್ರ್.” ಅವನು ಗಂಟು ಬಿಗಿದ. “ನಾನ್ ಸಲಿಕೆಯಲ್ಲಿ ಎತ್ತಿ ಹಾಕಿದ್ದ್ ನಂಗೊತ್ತಿತ್ತ್ ಹೆಣೆ. ಎಷ್ಟ್ ಅಂತ ನಂಗೊತ್ತಿತ್ತ್. ಆ ದಿನ ಸಭೆಯಲ್ಲಿ ನಿತ್ಕಂಡವ್ರಿಗೆಲ್ಲ ಗೊತ್ತಿತ್ತ್.”

ಕಡಲು ತೆರೆದ ಬೆಳಿಗ್ಗೆ ಬಂದರಿನಲ್ಲಿ ಪಟಾಕಿ ಹಾರಿಸಿದರು. ಬೋಟುಗಳು ಸಾಲಾಗಿ ಅಳಿವೆ ದಾಟಿ ಹೋದವು. ಮರುದಿನ ಮಧ್ಯಾಹ್ನ ಮೊಬೈಲುಗಳಲ್ಲಿ ಹಸಿರು ಚಿಗುರಿತು, ಸಂಜೆಯೊಳಗೆ ಹರಡಿತು. ಮೂರನೆಯ ದಿನ ಹೆಂಗಸರು ಒಬ್ಬರಿಗೊಬ್ಬರು ತೋರಿಸಿಕೊಂಡು ಕುಣಿದರು. ಕಡಲು ಉಳುಮೆ ಎಂಬ ಮಾತು ಮಕ್ಕಳ ಬಾಯಲ್ಲೂ ಬಂತು.

ಸುಜಯಾ ಅಲಂಕಾರಿಕ ಮೀನುಗಳ ಕೋಣೆಯಲ್ಲಿ ನಿಂತು ತನ್ನ ಮೊಬೈಲಿನಲ್ಲಿ ನಕ್ಷೆಯನ್ನು ದೊಡ್ಡದು ಮಾಡಿ ನೋಡಿದಳು. ಹಸಿರಿನ ನಡುವೆ, ವಾಯವ್ಯಕ್ಕೆ, ಏಳು ಚೌಕಗಳು ಒಂದರ ಹಿಂದೊಂದು ಕೆಂಪಾಗಿಯೇ ಉಳಿದಿದ್ದವು. ಆ ಕಡೆಗೆ ಒಂದೇ ಒಂದು ಬೋಟು ಹೋಗಿತ್ತು. ಅದು ಯಾರದೆಂದು ಅವಳು ನೋಡಬೇಕಾಗಿರಲಿಲ್ಲ. ಇಡೀ ಕರಾವಳಿಯಲ್ಲಿ ಸತ್ತ ಮೀನು ಬೀಳದ ನೀರು ಅಷ್ಟೇ. ನಿಜ ಹೇಳುತ್ತಿದ್ದ ಚೌಕಗಳು ಏಳು.

ಅವಳಿಗೆ ಹೆದರಿಕೆಯಾಯಿತು. ತನಗೆ ಕಾಣುವುದು ಗೋಡೆಯ ಮುಂದೆ ಕುಳಿತವರಿಗೂ ಕಾಣುತ್ತದೆ.

ಐದನೆಯ ದಿನ ದಿನಕರ ಮನೆಗೆ ಬಂದ. ಬಂದದ್ದು ಅರ್ಧ ಬೋಟು ಮೀನೂ ಇಲ್ಲದೆ. ಇಬ್ಬರು ಹುಡುಗರು ಬೇರೆ ಬೋಟಿಗೆ ಹೋಗುವುದಾಗಿ ಹೇಳಿದ್ದರು. ಆದರೂ ಅವನ ಮುಖದಲ್ಲಿ ಏನೋ ಬೆಳಕಿತ್ತು. ಅಂಗಿಯೊಳಗಿಂದ ಅಲ್ಲ, ಕೈಯಲ್ಲೇ ಹಿಡಿದು ತಂದಿದ್ದ ಒಂದೇ ಮೀನನ್ನು ಮೂಕಾಂಬುವಿನ ಮುಂದೆ ಇಟ್ಟ. ಗೇಣಿನ ಮೇಲೆ ನಾಲ್ಕು ಬೆರಳು ಉದ್ದದ ಬಂಗುಡೆ. ಬೆನ್ನಿನ ನೀಲಿ ಇನ್ನೂ ಮಾಸಿರಲಿಲ್ಲ.

“ಓ ದೇವ್ರೇ” ಎಂದಳು ಮೂಕಾಂಬು. “ಇಷ್ಟ್ ದೊಡ್ಡದ್ ನಾನ್ ಕಾಣದೆ ಆರೇಳ್ ವರ್ಷ ಆಯ್ತ್.”

“ಕಂಡ್ಯಾ ಆಫೀಸರ್ರೇ” ಎಂದು ದಿನಕರ ನಕ್ಕ. “ನಿಂಗೇ ಅಂತ ಮಾರ್ಲಿಲ್ಲೆ. ಇದ್ರ ಕಿವಿ ಕಲ್ಲ್ ಕಾಣ್.”

ಅಷ್ಟರಲ್ಲಿ ಅವನ ಮೊಬೈಲು ಸದ್ದು ಮಾಡಿತು. ಓದಿದ. ಮತ್ತೊಮ್ಮೆ ಓದಿ ತಂಗಿಯ ಕೈಗೆ ಕೊಟ್ಟ. ಕೇಂದ್ರದಿಂದ ಬಂದ ಆದೇಶ. ಸದರಿ ಬೋಟು ಸಂಚರಿಸಿದ ಏಳು ಚೌಕಗಳಲ್ಲಿ ಮೀನಿನ ಪ್ರಮಾಣ ಹೆಚ್ಚಾಗಿಲ್ಲ. ಸದರಿ ಬೋಟಿನ ಮೀನುಗಾರಿಕೆ ಕಡಲಿಗೆ ಹಾನಿಕರವೆಂದು ಕಂಡುಬಂದಿರುವುದರಿಂದ ಪರವಾನಗಿಯನ್ನು ರದ್ದುಪಡಿಸಲಾಗಿದೆ.

ದಿನಕರ ಗೋಡೆಗೆ ಒರಗಿ ನೆಲದ ಮೇಲೆ ಕುಳಿತ. ಸುಜಯಾ ಆದೇಶದ ಕೆಳಗಿನ ಸೂತ್ರವನ್ನು ನೋಡಿದಳು. ಹೆಸರು ಬೇರೆಯವರದು, ಸಂಖ್ಯೆ ನಲವತ್ತೊಂದನೆಯ ಪುಟದ್ದೇ.

ಮೂಕಾಂಬು ಮೆಟ್ಟುಕತ್ತಿಯ ಮುಂದೆ ಕುಳಿತಳು. ಕೆಲಸ ನಿಂತರೆ ಅಳು ಬರುತ್ತದೆ ಎನ್ನುವವಳಂತೆ ಮೀನನ್ನು ಎತ್ತಿ ಕತ್ತಿಗೆ ಹಿಡಿದಳು. ತಲೆಯನ್ನು ಮಗಳಿಗೆಂದು ಬದಿಗಿಟ್ಟಳು. ಹೊಟ್ಟೆ ಸೀಳಿದಳು. ಎರಡು ಬೆರಳು ದಪ್ಪದ ಮೊಟ್ಟೆಯ ಗೊನೆಗಳು, ಅಂದಿನಂಥ ಎಳೆಗಳಲ್ಲ, ತುಂಬು ಬಲಿತವು, ಜಾರಿ ಅವಳ ಅಂಗೈ ತುಂಬಿ ಹೊರಗೆ ಚೆಲ್ಲಿದವು. ಇನ್ನೆರಡು ದಿನ ಕಡಲಲ್ಲಿದ್ದರೆ ನೀರಿಗೆ ಬಿಡುತ್ತಿತ್ತು.

ಅವಳು ಕೈಯನ್ನು ಹಾಗೇ ಹಿಡಿದುಕೊಂಡು ಕುಳಿತಳು. ಮಗನ ಕಡೆ ನೋಡಲಿಲ್ಲ, ಮಗಳ ಕಡೆಯೂ ನೋಡಲಿಲ್ಲ.

“ಇದನ್ನ ಹಿಡೀಬಾರ್ದಿತ್ತ್ ಮಗಾ” ಎಂದಳು.